ಬೆಕ್ಕಿನ ಮರಿಯ ಊಟ

ನಮ್ಮ ಭಾಷೆಯಲ್ಲಿ ಬೆಕ್ಕನ್ನೂ ಹಾಲನ್ನೂ ಬೇರ್ಪಡಿಸುವುದು ಕಷ್ಟ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು. ಹಾಲಿನ ಕಾವಲಿಗೆ ಇಡಬಾರದೆನಿಸಿಕೊಂಡದ್ದು ಬೆಕ್ಕು. ನೆಲುವಿನ ಮೇಲಿನ ಗಡಿಗೆ ಉರುಳಿದರೆ ಮೊದಲು ಅಪವಾದ ಹೊರುವುದೂ ಬೆಕ್ಕೇ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ಅಪರೂಪ. ಪಟ್ಟಣದಲ್ಲಿ ಇಲಿಗಳ ಕಾಟ ಹೆಚ್ಚಿತೆಂದು ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನು ಕೊಟ್ಟನಂತೆ. ಅದಕ್ಕೆ ಹಾಲೆರೆಯಲೆಂದು ಒಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟು ಬೆಕ್ಕಿನ ಮೂತಿಯನ್ನು ಸುಡಿಸಿದ. ಆಮೇಲೆ ಅದು ಹಾಲು ಕಂಡರೆ ಓಡತೊಡಗಿತು. ಹಸುವಿನ ಹಾಲೆಲ್ಲ ಮನೆಯವರ ಪಾಲಾಯಿತು. ಕಥೆ ಕೇಳಿ ನಗುವ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಹಾಲು ಬಿಟ್ಟ ಆ ಬೆಕ್ಕು ಮತ್ತೆ ತಿಂದುದೇನನ್ನು? ಅದು ಬಡಕಲಾಯಿತೇ ಹೊರತು ಸಾಯಲಿಲ್ಲ. ಯಾವ ಇಲಿಗಳ ಕಾಟಕ್ಕಾಗಿ ಅದನ್ನು ತಂದರೋ ಆ ಇಲಿಗಳೇ ಅದನ್ನು ಬದುಕಿಸಿರಬೇಕು.

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಒಂದು ಸಣ್ಣ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಮನುಷ್ಯನು ಸಾವಿರಾರು ವರ್ಷಗಳಿಂದ ಬೆಕ್ಕಿಗೆ ಊಟವಿಡುತ್ತ ಬಂದಿದ್ದಾನೆ. ಆದರೆ ಅವನು ಇಟ್ಟದ್ದು ಹೆಚ್ಚಾಗಿ ಅರ್ಧ ಊಟ. ಉಳಿದ ಅರ್ಧವನ್ನು ಬೆಕ್ಕು ತಾನೇ ಸಂಪಾದಿಸಿಕೊಳ್ಳುತ್ತಿತ್ತು. ಗಾದೆಗಳಲ್ಲಿಯೂ ಕಥೆಗಳಲ್ಲಿಯೂ ಲೆಕ್ಕದ ಪುಸ್ತಕಗಳಲ್ಲಿಯೂ ಉಳಿದುಕೊಂಡದ್ದು ನಾವು ಬಡಿಸಿದ ಅರ್ಧ ಮಾತ್ರ. ಇಂದು ಪಟ್ಟಣದ ಮೂರನೆಯ ಅಂತಸ್ತಿನ ಮನೆಯಲ್ಲಿ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಹಾಕಿ ಮರಿ ಸಾಕುವವರು ಆ ಅರ್ಧವನ್ನೇ ಪೂರ್ತಿ ಊಟವೆಂದು ತಿಳಿಯುತ್ತಾರೆ. ಅದರ ಫಲವನ್ನು ಅನುಭವಿಸುವುದು ಮರಿಯ ಎಲುಬು, ಕಣ್ಣು, ಹೃದಯ. ಆದುದರಿಂದ ಈ ಚರಿತ್ರೆಯನ್ನು ತಿಳಿದುಕೊಳ್ಳುವುದು ಬರಿಯ ಕುತೂಹಲದ ಮಾತಲ್ಲ.

ಮನುಷ್ಯ ಮತ್ತು ಬೆಕ್ಕಿನ ನಂಟಿಗೆ ದೊರೆತಿರುವ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದು ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬ ಸ್ಥಳದ್ದು. ಸುಮಾರು 9500 ವರ್ಷಗಳ ಹಿಂದಿನ ಒಂದು ಸಮಾಧಿ. ಅದರಲ್ಲಿ ಒಬ್ಬ ಮನುಷ್ಯ. ಅವನಿಂದ ಮೊಳದಷ್ಟು ದೂರದಲ್ಲಿ ಒಂದು ಬೆಕ್ಕು. ಫ್ರಾನ್ಸಿನ ವಿದ್ವಾಂಸರು 2004ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಆ ಬೆಕ್ಕಿಗೆ ಸತ್ತಾಗ ಸುಮಾರು ಎಂಟು ತಿಂಗಳು. ಎಂದರೆ ಬೆಳವಣಿಗೆ ಇನ್ನೂ ಮುಗಿದಿರದ ಮರಿ. ದ್ವೀಪದಲ್ಲಿ ಅದಕ್ಕೆ ಮೊದಲು ಬೆಕ್ಕಿನ ಸಂತತಿ ಇರಲಿಲ್ಲವಾದ್ದರಿಂದ ಅದರ ಹಿರಿಯರನ್ನು ಯಾರೋ ದೋಣಿಯಲ್ಲಿ ಕೂರಿಸಿಕೊಂಡು ತಂದಿರಬೇಕು. ಧಾನ್ಯ ಕೂಡಿಟ್ಟ ರೈತನ ಬಳಿಗೆ ಇಲಿ ಬಂದಿತು, ಇಲಿಯ ಹಿಂದೆ ಬೆಕ್ಕು ಬಂದಿತು ಎಂಬುದು ವಿದ್ವಾಂಸರ ಅಭಿಪ್ರಾಯ. ನಂಟು ಮೊದಲಾದದ್ದು ಬೆಕ್ಕಿನ ಊಟದಿಂದ. ಆದರೆ ಆ ಊಟವನ್ನು ಬಡಿಸಿದವನು ಮನುಷ್ಯನಲ್ಲ.

ಚೀನಾದ ಚುವಾನ್‌ಹುಚುನ್ ಎಂಬ ಹಳ್ಳಿಯ ಉತ್ಖನನ ಇನ್ನೂ ಸೋಜಿಗದ್ದು. ಅಲ್ಲಿ ದೊರೆತ ಸುಮಾರು 5300 ವರ್ಷಗಳ ಹಿಂದಿನ ಬೆಕ್ಕಿನ ಎಲುಬುಗಳನ್ನು ರಾಸಾಯನಿಕ ಪರೀಕ್ಷೆಗೆ ಒಡ್ಡಿ, ಅವು ಬದುಕಿದ್ದಾಗ ತಿಂದದ್ದೇನೆಂಬುದನ್ನು ಊಹಿಸಿದ್ದಾರೆ. ಕಿರುಧಾನ್ಯ ತಿಂದ ಇಲಿಗಳನ್ನು ಆ ಬೆಕ್ಕುಗಳು ತಿಂದಿದ್ದವು. ಒಂದು ಬೆಕ್ಕು ಮಾತ್ರ ಉಳಿದವುಗಳಿಗಿಂತ ಕಡಿಮೆ ಮಾಂಸವನ್ನೂ ಹೆಚ್ಚು ಧಾನ್ಯವನ್ನೂ ತಿಂದಿತ್ತು. ಮನುಷ್ಯರು ಎಸೆದದ್ದನ್ನೋ ಇಟ್ಟದ್ದನ್ನೋ ಅದು ತಿಂದಿರಬೇಕೆಂದು ಊಹೆ. ಅವು ನಮ್ಮ ಮನೆಬೆಕ್ಕಿನ ಜಾತಿಯವಲ್ಲ, ಚಿರತೆಬೆಕ್ಕು ಎಂಬ ಕಾಡು ಜಾತಿಯವು ಎಂದು ಮುಂದಿನ ಪರಿಶೀಲನೆಯಿಂದ ತಿಳಿಯಿತು. ಆದರೂ ಅರ್ಧ ಬೇಟೆ, ಅರ್ಧ ಬಾನ ಎಂಬ ಏರ್ಪಾಡಿನ ಹಳಮೆಗೆ ಅದೊಂದು ಗುರುತು.

ಬೆಕ್ಕನ್ನು ದೇವತೆಯ ಮಟ್ಟಕ್ಕೇರಿಸಿದವರು ಈಜಿಪ್ಟಿನವರು. ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಕ್ರಿ. ಪೂ. 5ನೆಯ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಅವನಿಗಿಂತ ನಾಲ್ಕು ನೂರು ವರ್ಷ ಈಚಿನ ಡಿಯೊಡೋರಸ್ ಎಂಬ ಗ್ರೀಕ್ ಇತಿಹಾಸಕಾರನು ಅವರ ಬೆಕ್ಕಿನ ಊಟವನ್ನೇ ವಿವರಿಸಿದ್ದಾನೆ. ರೊಟ್ಟಿಯನ್ನು ಹಾಲಿನಲ್ಲಿ ಮುರಿದುಹಾಕಿ, ಬಾಯಲ್ಲಿ ಲೊಚಗುಟ್ಟಿ ಕರೆದು, ಬೆಕ್ಕುಗಳ ಮುಂದೆ ಇಡುತ್ತಿದ್ದರಂತೆ. ಇಲ್ಲವೆ ನೈಲ್ ನದಿಯ ಮೀನನ್ನು ಕತ್ತರಿಸಿ ಹಸಿಯಾಗಿಯೇ ಹಾಕುತ್ತಿದ್ದರಂತೆ. ಓದುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ಹಳ್ಳಿಯ ಮನೆಯ ಹಿತ್ತಿಲ ಬಾಗಿಲು. ರೊಟ್ಟಿಯ ಬದಲು ಅನ್ನ, ತಟ್ಟೆಯ ಬದಲು ತೆಂಗಿನ ಚಿಪ್ಪು. ಲೊಚಗುಟ್ಟುವುದು ಮಾತ್ರ ಅದೇ. ಎರಡು ಸಾವಿರ ವರ್ಷ ಕಳೆದರೂ ನಮ್ಮ ಅಜ್ಜಿಯರೂ ನೈಲ್ ತೀರದ ಅಜ್ಜಿಯರೂ ಒಂದೇ ಪಾಕಶಾಸ್ತ್ರವನ್ನು ಓದಿದವರಂತೆ ನಡೆದುಕೊಂಡಿದ್ದಾರೆ. ಈಜಿಪ್ಟಿನ ಬೆಕ್ಕಿಗೆ ಮೀನಾದರೂ ಇತ್ತು. ನಮ್ಮ ಬೆಕ್ಕಿಗೆ ಅಟ್ಟವಿತ್ತು, ಕಣಜವಿತ್ತು, ಹುಲ್ಲಿನ ಬಣವೆಯಿತ್ತು.

ನಮ್ಮ ದೇಶದ ಹಳೆಯ ಗ್ರಂಥಗಳಲ್ಲಿ ಬೆಕ್ಕಿನ ಊಟಕ್ಕೆ ಎಲ್ಲಿ ಸ್ಥಾನವಿದೆಯೆಂದು ಹುಡುಕಿದವರು ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಬರಬೇಕು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ರಾಜ್ಯದ ಉಗ್ರಾಣದಿಂದ ಯಾವ ಪ್ರಾಣಿಗೆ ಎಷ್ಟು ಆಹಾರವೆಂಬ ಲೆಕ್ಕ ಅದರಲ್ಲಿದೆ. ಕುದುರೆಗೆ, ಆನೆಗೆ, ಎತ್ತಿಗೆ ಅಳತೆಯುಂಟು. ನಾಯಿಗೆ ಒಂದು ಪ್ರಸ್ಥ ಅನ್ನ. ಹಂಸ, ಕ್ರೌಂಚ, ನವಿಲುಗಳಿಗೆ ಅರ್ಧ ಪ್ರಸ್ಥ. ಬೆಕ್ಕಿನ ಹೆಸರೇ ಅಲ್ಲಿಲ್ಲ. ಹಾಗೆಂದು ಕೌಟಿಲ್ಯ ಬೆಕ್ಕನ್ನು ಮರೆತವನಲ್ಲ. ಪ್ರಜೆಗಳಿಗೆ ಒದಗುವ ವಿಪತ್ತುಗಳನ್ನು ಹೇಳುವಾಗ, ಇಲಿಗಳ ಭಯವುಂಟಾದರೆ ಬೆಕ್ಕುಗಳನ್ನೂ ಮುಂಗುಸಿಗಳನ್ನೂ ಬಿಡಬೇಕೆಂದೂ, ಅವನ್ನು ಹಿಡಿದವರಿಗೆ ಅಥವಾ ಹಿಂಸಿಸಿದವರಿಗೆ ಹನ್ನೆರಡು ಪಣ ದಂಡವೆಂದೂ ವಿಧಿಸುತ್ತಾನೆ. ಬೆಕ್ಕಿಗೆ ರಾಜರಕ್ಷೆಯುಂಟು, ರಾಜಭೋಜನವಿಲ್ಲ! ಇಲಿಯೇ ಅದರ ಸಂಬಳ.

ಈ ಲೆಕ್ಕಾಚಾರ ಪೂರ್ವದೇಶಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ಎಕ್ಸೆಟರ್ ನಗರದ ದೊಡ್ಡ ಇಗರ್ಜಿಯ ಲೆಕ್ಕದ ಪುಸ್ತಕಗಳಲ್ಲಿ 1305ರಿಂದ 1467ರವರೆಗೆ ಬೆಕ್ಕಿನ ಬಾಬ್ತು ಮೂರು ತಿಂಗಳಿಗೆ 13 ಪೆನ್ನಿಗಳ ಖರ್ಚು ಬರೆದಿದೆ. ಎಂದರೆ ವಾರಕ್ಕೊಂದು ಪೆನ್ನಿ. ಇಗರ್ಜಿಯ ಇಲಿಗಳ ಜೊತೆಗೆ ನಂಜಿಕೊಳ್ಳಲು ಅಷ್ಟು! 1868ರಲ್ಲಿ ಲಂಡನ್ನಿನ ಅಂಚೆ ಇಲಾಖೆಯ ಮನಿಯಾರ್ಡರ್ ಕಚೇರಿಯಲ್ಲಿ ಇಲಿಗಳು ಕಾಗದಗಳನ್ನು ಕಡಿದು ಹಾಳುಮಾಡುತ್ತಿದ್ದುದರಿಂದ ಮೂರು ಬೆಕ್ಕುಗಳನ್ನು ನೇಮಿಸಿಕೊಂಡರು. ಅವುಗಳ ಊಟಕ್ಕೆ ವಾರಕ್ಕೆ ಎರಡು ಶಿಲಿಂಗ್ ಬೇಕೆಂದು ಕೇಳಿದರೆ, ಮೇಲಧಿಕಾರಿ ಮಂಜೂರು ಮಾಡಿದ್ದು ಒಂದೇ ಶಿಲಿಂಗ್. ಉಳಿದ ಸಂಬಳವನ್ನು ಅವು ಇಲಿಗಳಿಂದಲೇ ವಸೂಲು ಮಾಡಿಕೊಳ್ಳತಕ್ಕದ್ದು, ಆರು ತಿಂಗಳಲ್ಲಿ ಇಲಿ ಕಡಿಮೆಯಾಗದಿದ್ದರೆ ಭತ್ಯವನ್ನು ಇನ್ನೂ ಇಳಿಸತಕ್ಕದ್ದು ಎಂದು ಹುಕುಂ ಆಯಿತು. ಬೆಕ್ಕುಗಳು ಕೆಲಸ ಚೆನ್ನಾಗಿ ಮಾಡಿರಬೇಕು. 1873ರಲ್ಲಿ ಅವುಗಳ ಭತ್ಯ ಒಂದೂವರೆ ಶಿಲಿಂಗಿಗೆ ಏರಿತು. ಅದೇ ಶತಮಾನದ ಲಂಡನ್ನಿನ ಬೀದಿಗಳಲ್ಲಿ ಬೇಯಿಸಿದ ಕುದುರೆಮಾಂಸದ ಚೂರುಗಳನ್ನು ಕಡ್ಡಿಗೆ ಚುಚ್ಚಿ, ಮನೆಮನೆಯ ಬೆಕ್ಕಿಗೆ ಮಾರುತ್ತ ಹೋಗುವ ಗಾಡಿಯವರೂ ಇದ್ದರು. ಬೆಕ್ಕಿಗಾಗಿ ಹಣ ಕೊಟ್ಟು ಊಟ ಕೊಳ್ಳುವ ವಾಡಿಕೆ ಹೀಗೆ ಪಟ್ಟಣದಲ್ಲಿ ಬೇರೂರಿತು.

ಈ ಎಲ್ಲ ಲೆಕ್ಕಗಳಲ್ಲಿಯೂ ಇಲಿಯೆಂಬುದು ಉಪಾಹಾರ, ಮನುಷ್ಯ ಇಟ್ಟದ್ದು ಊಟ ಎಂಬಂತೆ ಕಾಣುತ್ತದೆ. ನಿಜ ತಿರುಗುಮುರುಗು. ಬೆಕ್ಕು ಇಲಿಯನ್ನು ತಿನ್ನುವಾಗ ಬರಿಯ ಮಾಂಸವನ್ನು ತಿನ್ನುವುದಿಲ್ಲ. ಎಲುಬು, ಯಕೃತ್ತು, ಹೃದಯ, ಮಿದುಳು ಎಲ್ಲವೂ ಅದರ ಹೊಟ್ಟೆ ಸೇರುತ್ತವೆ. ಎಲುಬಿನಿಂದ ಸುಣ್ಣದಂಶ, ಯಕೃತ್ತಿನಿಂದ ಎ ಜೀವಸತ್ತ್ವ, ಹಸಿಮಾಂಸದಿಂದ ನೀರು. ಒಂದು ಸಣ್ಣ ಇಲಿಯಲ್ಲಿ ಸುಮಾರು 30 ಕ್ಯಾಲೊರಿ. ದಿನಕ್ಕೆ ಎಂಟು ಹತ್ತು ಇಲಿ ಹಿಡಿದರೆ ಬೆಳೆದ ಬೆಕ್ಕಿನ ಹೊಟ್ಟೆ ತುಂಬಿತು. ಮರಿಗಳಿಗೆ ನಾಲ್ಕು ವಾರ ತುಂಬುತ್ತಿದ್ದಂತೆ ತಾಯಿ ಮೊದಲು ಸತ್ತ ಇಲಿಯನ್ನು, ಆಮೇಲೆ ಅರೆಜೀವದ ಇಲಿಯನ್ನು ತಂದು ಅವುಗಳ ಮುಂದೆ ಹಾಕುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ಕಂಡವರು ಅಸಹ್ಯಪಟ್ಟು ಬೆಕ್ಕನ್ನು ಗದರಿಸಿ ಓಡಿಸುತ್ತಿದ್ದರು. ಅದೇ ಮರಿಯ ಅನ್ನಪ್ರಾಶನವೆಂಬುದು ಹೊಳೆದವರು ಕಡಿಮೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಏರ್ಪಾಡು ಮುರಿಯಿತು. ಕಣಜ ಹೋಗಿ ಡಬ್ಬಿಗಳು ಬಂದವು. ಗಾರೆ ನೆಲ, ಕಾಂಕ್ರೀಟು ಛಾವಣಿ ಬಂದವು. ಅಮೆರಿಕದಲ್ಲಿ 1947ರಲ್ಲಿ ಎಡ್ವರ್ಡ್ ಲೋ ಎಂಬವನು ಬೆಕ್ಕಿನ ಮಲಮೂತ್ರಕ್ಕೆಂದು ತೇವ ಹೀರುವ ಜೇಡಿಯ ಹರಳುಗಳನ್ನು ಮಾರತೊಡಗಿದ. ಬೆಕ್ಕು ಹೊರಗೆ ಹೋಗಲೇಬೇಕಾದ ಕಾರಣವೊಂದು ಅದರಿಂದ ತಪ್ಪಿತು. ಬಾಗಿಲು ಮುಚ್ಚಿದ ಮೇಲೆ ಬಟ್ಟಲಿನಲ್ಲಿ ಇಟ್ಟದ್ದೇ ಅದರ ಸರ್ವಸ್ವವಾಯಿತು. ಆಗ, ಅಷ್ಟು ಕಾಲ ಇಲಿ ಮುಚ್ಚಿಟ್ಟಿದ್ದ ಕೊರತೆಗಳು ಒಂದೊಂದಾಗಿ ಹೊರಬಿದ್ದವು.

ಮೊದಲು ಕಂಡುಬಂದದ್ದು ಎಲುಬಿನ ಕೊರತೆ. ಪ್ರೀತಿಯಿಂದ ಬರಿಯ ಮಾಂಸವನ್ನೇ, ಅದರಲ್ಲಿಯೂ ಹೃದಯದ ಮಾಂಸವನ್ನೇ ತಿನ್ನಿಸಿ ಬೆಳೆಸಿದ ಮರಿಗಳ ಎಲುಬು ತೆಳುವಾಗಿ, ಬಾಗಿ, ಸುಮ್ಮನೆ ಜಿಗಿದರೂ ಮುರಿಯುತ್ತಿದ್ದುದನ್ನು 1950-60ರ ದಶಕಗಳಲ್ಲಿ ಪಶುವೈದ್ಯರು ವಿವರಿಸಿದರು. ಬರಿಯ ಮಾಂಸದಲ್ಲಿ ರಂಜಕಕ್ಕೆ ಹೋಲಿಸಿದರೆ ಸುಣ್ಣದಂಶ ತೀರ ಕಡಿಮೆ. ಸುಮಾರು ಹದಿನೈದಕ್ಕೋ ಇಪ್ಪತ್ತಕ್ಕೋ ಒಂದು ಪಾಲು. ರಕ್ತದಲ್ಲಿ ಸುಣ್ಣದಂಶ ಸಾಲದೆ ಹೋದಾಗ ದೇಹವು ತನ್ನ ಎಲುಬನ್ನೇ ಕರಗಿಸಿ ಅದನ್ನು ತುಂಬಿಕೊಳ್ಳುತ್ತದೆ. ಬೆಳೆಯುವ ಮರಿಗೆ ಮಾಂಸ ಸಾಕು ಎಂದವರಿಗೆ ಇದು ಉತ್ತರವಾಯಿತು.

ಹಾಲು ಸಾಕು ಎಂದವರಿಗೆ ಉತ್ತರ 1975ರಲ್ಲಿ ಬಂದಿತು. ಹಾಲಿನಿಂದ ತೆಗೆದ ಕೇಸೀನ್ ಎಂಬ ಸಸಾರಜನಕವನ್ನೇ ಮುಖ್ಯ ಆಹಾರವಾಗಿ ಕೊಟ್ಟು ಸಾಕಿದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಕ್ರಮೇಣ ನಾಶವಾಗುತ್ತಿತ್ತು. ಅದಕ್ಕೆ ಕಾರಣ ಟಾರಿನ್ ಎಂಬ ಪದಾರ್ಥದ ಅಭಾವವೆಂದು ಕೆ. ಸಿ. ಹೇಯ್ಸ್ ಮತ್ತು ಅವರ ಸಂಗಡಿಗರು ಆ ವರ್ಷ ತೋರಿಸಿದರು. ಟಾರಿನ್ ಹೊಸದಾಗಿ ಕಂಡುಹಿಡಿದ ವಸ್ತುವೇನೂ ಅಲ್ಲ. 1827ರಲ್ಲಿಯೇ ಜರ್ಮನಿಯ ಟೀಡೆಮನ್ ಮತ್ತು ಗ್ಮೆಲಿನ್ ಎಂಬ ವಿದ್ವಾಂಸರು ಎತ್ತಿನ ಪಿತ್ತರಸದಿಂದ ಅದನ್ನು ತೆಗೆದಿದ್ದರು. ಲ್ಯಾಟಿನ್ನಿನಲ್ಲಿ ಗೂಳಿಗೆ 'ಟಾರಸ್' ಎನ್ನುವುದರಿಂದ ಆ ಹೆಸರು. ಮನುಷ್ಯನೂ ನಾಯಿಯೂ ಅದನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳಬಲ್ಲರು. ಬೆಕ್ಕು ಸಾಕಷ್ಟು ತಯಾರಿಸಿಕೊಳ್ಳಲಾರದು. ಇಲಿಯ ಮಾಂಸದಲ್ಲಿ ಅದು ಧಾರಾಳ. ಹಸುವಿನ ಹಾಲಿನಲ್ಲಿ ಅತ್ಯಲ್ಪ. ಅನ್ನದಲ್ಲಿ ಇಲ್ಲವೇ ಇಲ್ಲ. ಹಾಗೆ ಹೋದ ಕಣ್ಣು ಮತ್ತೆ ಬರುವುದಿಲ್ಲ.

ಕಣ್ಣಿನ ಹಿಂದೆಯೇ ಹೃದಯದ ವಿಷಯ ತಿಳಿಯಿತು. 1987ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಹೃದಯ ಹಿಗ್ಗಿ ಬಲಗುಂದಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರ ಕಡಿಮೆಯಿರುವುದನ್ನು ಕಂಡರು. ಅವು ತಿನ್ನುತ್ತಿದ್ದದ್ದು ಆಗಿನ ಪ್ರಮಾಣಕ್ಕೆ ಸರಿಯೆನಿಸಿಕೊಂಡಿದ್ದ ಅಂಗಡಿಯ ಆಹಾರವನ್ನೇ. ಟಾರಿನ್ ಕೊಟ್ಟೊಡನೆ ಅನೇಕ ಬೆಕ್ಕುಗಳ ಹೃದಯ ಮತ್ತೆ ಸುಸ್ಥಿತಿಗೆ ಬಂದಿತು. ಆಮೇಲೆ ತಯಾರಕರು ತಮ್ಮ ಆಹಾರದಲ್ಲಿ ಅದರ ಪ್ರಮಾಣವನ್ನು ಏರಿಸಿದರು. ಗಬ್ಬದ ಬೆಕ್ಕಿಗೆ ಅದರ ಕೊರತೆಯಾದರೆ ಹುಟ್ಟುವ ಮರಿಗಳ ಬೆಳವಣಿಗೆ ಕುಂಠಿತವಾಗುವುದೂ ಆ ದಶಕದಲ್ಲಿಯೇ ತಿಳಿಯಿತು. ಕ್ಯಾಲಿಫೋರ್ನಿಯದ ವೈದ್ಯ ಫ್ರಾನ್ಸಿಸ್ ಪಾಟೆಂಜರ್ 1932ರಿಂದ 1942ರವರೆಗೆ ಸುಮಾರು 900 ಬೆಕ್ಕುಗಳನ್ನು ಸಾಕಿ, ಬೇಯಿಸಿದ ಮಾಂಸ ತಿಂದವುಗಳ ಸಂತಾನ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸಿದುದನ್ನು ಬರೆದಿಟ್ಟಿದ್ದ. ಬೇಯಿಸುವಾಗ ಟಾರಿನ್ ಕಡಿಮೆಯಾದದ್ದೂ ಅದಕ್ಕೆ ಒಂದು ಕಾರಣವಿರಬೇಕೆಂದು ಈಚಿನವರು ಹೇಳುತ್ತಾರೆ. ಹಾಗೆಂದು ಹಸಿಮಾಂಸವನ್ನೇ ಹಾಕಬೇಕೆಂದಲ್ಲ. ಅದರಲ್ಲಿ ರೋಗಾಣುಗಳ ಭಯವುಂಟು. ಬೇಯಿಸಿದ ನೀರನ್ನು ಚೆಲ್ಲಬಾರದೆಂಬ ವಿವೇಕವಂತೂ ಇದರಿಂದ ದೊರೆಯುತ್ತದೆ.

ಬೆಕ್ಕಿನ ನಾಲಗೆಯೂ ಇದೇ ಕಥೆಯನ್ನು ಹೇಳುತ್ತದೆ. ಅದಕ್ಕೆ ಸಿಹಿಯ ರುಚಿಯೇ ತಿಳಿಯದೆಂದೂ, ಸಿಹಿಯನ್ನು ಗ್ರಹಿಸುವ ವಂಶವಾಹಿಯೊಂದು ಬೆಕ್ಕಿನ ಕುಲದಲ್ಲಿ ನಿಷ್ಕ್ರಿಯವಾಗಿದೆಯೆಂದೂ 2005ರಲ್ಲಿ ಫಿಲಡೆಲ್ಫಿಯದ ಸಂಶೋಧಕರು ತೋರಿಸಿದರು. ಹಾಲಿಗೆ ಸಕ್ಕರೆ ಬೆರೆಸಿ ಮರಿಯನ್ನು ಓಲೈಸುವ ಅಕ್ಕರೆ ಅದಕ್ಕೆ ತಲಪುವುದೇ ಇಲ್ಲ. ಅದು ಹಾಲಿಗೆ ಓಡಿಬರುವುದು ಕೊಬ್ಬಿನ ಆಸೆಗೆ. ಕ್ಯಾರೆಟ್ಟಿನ ಹಳದಿಯಿಂದ ನಾವು ಎ ಜೀವಸತ್ತ್ವವನ್ನು ಮಾಡಿಕೊಳ್ಳುವಂತೆ ಅದು ಮಾಡಿಕೊಳ್ಳಲಾರದು. ಅರ್ಜಿನಿನ್ ಎಂಬ ಒಂದು ಅಮೈನೋ ಆಮ್ಲವಿಲ್ಲದ ಊಟವನ್ನು ಒಂದು ಹೊತ್ತು ಉಂಡರೂ ರಕ್ತದಲ್ಲಿ ಅಮೋನಿಯ ಏರಿ ಅದು ಕಂಗೆಡುತ್ತದೆಂದು 1978ರಲ್ಲಿ ಗೊತ್ತಾಯಿತು. ಇಷ್ಟು ಕಟ್ಟುನಿಟ್ಟಿನ ಮಾಂಸಾಹಾರಿಯನ್ನು ನಾವು ಹಾಲುಗುಡುಕನೆಂದು ಕರೆಯುತ್ತ ಬಂದೆವು!

ಮರಿಯ ಅಳತೆಯನ್ನು ಈಗ ನೋಡಬಹುದು. ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಅಲ್ಲಿಂದ ಮುಂದೆ ವಾರಕ್ಕೆ ಸುಮಾರು 100 ಗ್ರಾಂ ಏರುತ್ತ, ಎರಡೂವರೆ ತಿಂಗಳಿಗೆ ಒಂದು ಕಿಲೋ ಮುಟ್ಟುತ್ತದೆ. ಎಂದರೆ ಹುಟ್ಟಿದಾಗಿನ ಹತ್ತರಷ್ಟು. ಆ ಪ್ರಾಯದಲ್ಲಿ ಅದಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 200 ಕ್ಯಾಲೊರಿ. ಬೆಳೆದ ಬೆಕ್ಕಿಗೆ ತೂಕದ ಕಿಲೋ ಒಂದಕ್ಕೆ 50ರಿಂದ 70 ಸಾಕು. ಒಂದು ಕಿಲೋ ತೂಕದ ಮರಿ ಹಸುವಿನ ಹಾಲೊಂದರಿಂದಲೇ ಈ ಬಲವನ್ನು ಪಡೆಯಬೇಕಾದರೆ ದಿನಕ್ಕೆ 300 ಮಿಲಿಲೀಟರು, ತನ್ನ ತೂಕದ ಮೂರರಲ್ಲೊಂದು ಪಾಲು, ಕುಡಿಯಬೇಕಾಗುತ್ತದೆ. ತಾಯಿಬೆಕ್ಕಿನ ಹಾಲಿನಲ್ಲಿ ಸಸಾರಜನಕ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಇಳಿಯುತ್ತದೆ. ಆದುದರಿಂದಲೇ ಎಷ್ಟೋ ಮರಿಗಳಿಗೆ ಹಾಲಿನಿಂದ ಭೇದಿಯಾಗುವುದು. ಹಾಲಿಗೆ ಅನ್ನ ಕಲಸಿದರೆ ಹೊಟ್ಟೆ ಉಬ್ಬೀತು, ಮೈ ತುಂಬಲಾರದು.

ಹಾಗಾದರೆ ಇಡಬೇಕಾದದ್ದೇನು? ನಾಲ್ಕನೆಯ ವಾರದಿಂದ ಮೆತ್ತನೆಯ ಮಾಂಸಾಹಾರವನ್ನು ರೂಢಿ ಮಾಡಿಸಿ, ಎಂಟನೆಯ ವಾರದ ಹೊತ್ತಿಗೆ ಮೊಲೆ ಬಿಡುವಂತಾಗಬೇಕು. ಮರಿಯ ಹೊಟ್ಟೆ ಸಣ್ಣದು. ಆರು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ, ಆಮೇಲೆ ಎರಡು ಮೂರು ಸಲ ಇಡುವುದು ಲೇಸು. ಮರಿಗಳಿಗೆಂದೇ ತಯಾರಿಸಿ, ಟಾರಿನ್ ಮತ್ತು ಸುಣ್ಣದಂಶವನ್ನು ಅಳತೆಯಲ್ಲಿ ಸೇರಿಸಿದ ಪೂರ್ಣಾಹಾರವನ್ನು ಒಂದು ವರ್ಷದವರೆಗೆ ಕೊಡುವುದು ಪಟ್ಟಣದವರಿಗೆ ಸುಲಭದ ದಾರಿ. ಮನೆಯಲ್ಲಿ ಬೇಯಿಸಿಕೊಡುವವರು ಮಾಂಸ ಮೀನುಗಳಿಗೆ ಏನೇನನ್ನು ಎಷ್ಟೆಷ್ಟು ಸೇರಿಸಬೇಕೆಂಬುದನ್ನು ಪಶುವೈದ್ಯರಿಂದ ಕೇಳಿಕೊಳ್ಳಬೇಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಹುಳಿಗಳನ್ನು ಅದರ ಅನ್ನಕ್ಕೆ ಕಲಸುವುದಂತೂ ಸಲ್ಲದು. ಅವು ಬೆಕ್ಕಿನ ರಕ್ತಕಣಗಳನ್ನು ಕೆಡಿಸುತ್ತವೆ. ವಾರಕ್ಕೊಮ್ಮೆ ಮರಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಅಳತೆ ಸರಿಯೋ ತಪ್ಪೋ ಅದೇ ಹೇಳುತ್ತದೆ.

ನಮ್ಮಲ್ಲಿ ಇದಕ್ಕೊಂದು ತೊಡಕುಂಟು. ಶಾಕಾಹಾರದ ಮನೆಗಳಲ್ಲಿ ಬೆಳೆದ ನಮ್ಮಂಥವರು ಬೆಕ್ಕಿನ ಬಟ್ಟಲಿಗೆ ಮಾಂಸವನ್ನು ಬಡಿಸಲು ಹಿಂಜರಿಯುತ್ತೇವೆ. ಈ ಹಿಂಜರಿಕೆಯನ್ನು ನಾನು ಹಾಸ್ಯ ಮಾಡುವವನಲ್ಲ. ಅದರ ಹಿಂದೆ ದೊಡ್ಡ ಧರ್ಮವಿದೆ. ಆದರೆ ನಮ್ಮ ಹಿರಿಯರು ತಮ್ಮ ವ್ರತವನ್ನು ಬೆಕ್ಕಿನ ಮೇಲೆ ಹೇರಲಿಲ್ಲ. ಅವರು ಹಾಲನ್ನವಿಟ್ಟು ಬಾಗಿಲನ್ನು ತೆರೆದಿಟ್ಟರು. ಅಟ್ಟದ ಕತ್ತಲಲ್ಲಿ ನಡೆದುದನ್ನು ನೋಡಿಯೂ ನೋಡದವರಂತಿದ್ದರು. ಬಾಗಿಲು ಹಾಕಿದ ನಮಗೆ ಆ ಸೌಕರ್ಯವಿಲ್ಲ. ಅದರ ಊಟಕ್ಕೆ ಒಪ್ಪಬೇಕು, ಇಲ್ಲವೆ ಬೆಕ್ಕು ಸಾಕುವ ಆಸೆಯನ್ನು ಬಿಡಬೇಕು. ಮರಿಯನ್ನು ಒಳಗಿಟ್ಟುಕೊಂಡು ನಮ್ಮ ಊಟವನ್ನೇ ಉಣ್ಣಿಸುವುದು ಅಹಿಂಸೆಯಾಗಲಾರದು.

ಶ್ರೀವೈಷ್ಣವರಲ್ಲಿ ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂದು ಎರಡುಂಟು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬೆಕ್ಕಿನ ಮರಿ ಏನನ್ನೂ ಹಿಡಿದುಕೊಳ್ಳದು, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತದೆ. ಜೀವನು ಭಗವಂತನಲ್ಲಿ ಶರಣಾಗುವ ಬಗೆಯನ್ನು ವಿವರಿಸಲು ತೆಂಗಲೆಯ ಆಚಾರ್ಯರು ಈ ಎರಡನೆಯದನ್ನು ಆರಿಸಿಕೊಂಡರು. ಅವರ ದೃಷ್ಟಿಯಿದ್ದದ್ದು ಮರಿಯ ಕಡೆಗೆ. ಮನೆಯಲ್ಲಿ ಮರಿ ಸಾಕುವವರು ಅದನ್ನು ತಾಯಿಯ ಕಡೆಯಿಂದಲೂ ಒಮ್ಮೆ ನೋಡಬೇಕು. ತಾಯಿಬೆಕ್ಕು ಮರಿಗೆ ಹಾಲು ಬಿಡಿಸಿದ ಮೇಲೆ ಇಲಿಯನ್ನು ತಂದುಕೊಡುತ್ತಿತ್ತು. ಎರಡು ತಿಂಗಳ ಮರಿಯನ್ನು ಅದರಿಂದ ಬಿಡಿಸಿ ಮನೆಗೆ ತಂದವರು, ಆ ತಾಯಿ ಏನನ್ನು ತರುತ್ತಿತ್ತು, ಎಷ್ಟನ್ನು ತರುತ್ತಿತ್ತು ಎಂಬುದನ್ನು ಕೇಳಿಕೊಂಡೇ ಬಟ್ಟಲನ್ನು ತುಂಬಬೇಕಾಗಿದೆ.